ಸೆಡ್ರಿಕ್ ಹಾಬ್ಡೇ ಕೈಬಿಟ್ಟ ಚಿತ್ರ

ಯಾರಾದರೂ ಮಾತನಾಡಿಸಲು ಹತ್ತಿರ ಬಂದರೆ ಸೆಡ್ರಿಕ್ ಹಾಬ್ಡೇ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು. ಅದು ಸಂಕೋಚವಲ್ಲ, ಅಹಂಕಾರವೂ ಅಲ್ಲ; ಇಪ್ಪತ್ತೆರಡು ವರ್ಷ ಸಿನಿಮಾ ಸ್ಟುಡಿಯೋದಲ್ಲಿ ಫೋಟೋ ತೆಗೆದು, ಎದುರಿಗಿದ್ದವರನ್ನು ಆಪಾದಮಸ್ತಕ ಚೌಕಟ್ಟಿನೊಳಗೆ ಕೂರಿಸಿಕೊಳ್ಳಲು ಕಲಿತ ದೇಹದ ಅಭ್ಯಾಸ. ಅವರು ಒಳಗೆ ಬಂದೊಡನೆ ನಮ್ಮ ಹಳ್ಳಿಯ ಪಬ್ಬಿನ ಒಡತಿ ಡಿಲಿಸ್ ಕೂಗುತ್ತಿದ್ದಳು: "ಹಿಂದೆ ಮೇಜಿದೆ ಕಣಪ್ಪಾ ಸೆಡ್ರಿಕ್! ಹೋದ ವಾರ ನೀನು ಪಾದ್ರಿಗಳ ತೊಡೆ ಮೇಲೇ ಕೂತ್ಬಿಟ್ಟಿದ್ದೆ!" ಎಲ್ಲರೂ ನಗುತ್ತಿದ್ದರು. ಸೆಡ್ರಿಕ್ ಮಾತ್ರ ಎಡಗಣ್ಣು ಮುಚ್ಚಿ, ನಗುವವರನ್ನು ಗಮನಿಸುತ್ತಿದ್ದರು.

ದೇಶವನ್ನೇ ನಗಿಸಿದ ಹದಿನಾಲ್ಕು ಹಾಸ್ಯಚಿತ್ರಗಳ ಸರಣಿಯೊಂದು ಹಳ್ಳಿಯಂಚಿನ ಆ ಸ್ಟುಡಿಯೋದಲ್ಲೇ ತಯಾರಾಗಿತ್ತು. ಕಡಲತೀರದ ವಸತಿಗೃಹವೆಂದು ತೋರಿಸಿದ್ದೆಲ್ಲ ಹಲಗೆ ಮತ್ತು ಬಣ್ಣ. ಬೇಸಗೆಯ ಬಿಸಿಲೆಂದು ಜನ ನಂಬಿದ್ದು ಮಾರ್ಚ್ ತಿಂಗಳ ಚಳಿಯಲ್ಲಿ ಉರಿಸಿದ ದೀಪ. ನಿವೃತ್ತರಾದ ಮೇಲೆ ಸೆಡ್ರಿಕ್ ಆ ಸರಣಿಯ ಸಚಿತ್ರ ಇತಿಹಾಸ ಬರೆಯಲು ಕೂತರು. ಮೊಣಕೈ ಸವೆದ ಕಂದು ಕೋಟಿನ ಜೇಬುಗಳಲ್ಲಿ ನೆಗೆಟಿವ್‌ಗಳ ಲಕೋಟೆ ತುಂಬಿಕೊಂಡು, ಬದುಕುಳಿದ ನಟರ, ದರ್ಜಿಗಳ, ಬಡಗಿಗಳ ಬಾಗಿಲು ತಟ್ಟುತ್ತ ಒಂಬತ್ತು ವರ್ಷ ಅಲೆದರು. ಒಂದು ಟೋಪಿ ಯಾವ ಚಿತ್ರದ್ದೆಂದು ತಿಳಿಯಲು ಸ್ಕಾಟ್ಲೆಂಡಿನವರೆಗೆ ಹೋಗಿಬಂದವರು ಅವರು.

ಆದರೆ ಆ ಸರಣಿಯೆಂದರೆ ಎಲ್ಲರ ಕಣ್ಣಿಗೆ ಕಟ್ಟುತ್ತಿದ್ದುದು ಅವರು ತೆಗೆದ ಒಂದೇ ಫೋಟೋ: ಮನೆಗೆಲಸದವಳ ಪಾತ್ರದ ಮಾವಿಸ್ ಪೆನ್‌ಫೋಲ್ಡ್ ಚಹಾದ ತಟ್ಟೆ ಸಮೇತ ಕೊಳಕ್ಕೆ ಬಿದ್ದು ಬಾಯಿ ತೆರೆದು ಕೂಗುತ್ತಿರುವುದು. ಅದು ಅಭಿನಯವಾಗಿರಲಿಲ್ಲ, ಹಲಗೆ ಜಾರಿ ಆಕೆಯ ಮಣಿಕಟ್ಟು ಮುರಿದಿತ್ತು. ಫೋಟೋ ಪೋಸ್ಟರಾಗಿ ಊರೂರಿನ ಗೋಡೆಯೇರಿತು. ಮಾವಿಸ್‌ಗೆ ಅದೇ ಮೊದಲ ಮತ್ತು ಕೊನೆಯ ಪಾತ್ರವಾಯಿತು.

ಪುಸ್ತಕ ಮುಗಿಯುವ ಹೊತ್ತಿಗೆ ಸೆಡ್ರಿಕ್ ಕೆಂಟ್ ಕಡಲತೀರದಲ್ಲಿದ್ದ ಆಕೆಯ ಮನೆ ಹುಡುಕಿಕೊಂಡು ಹೋದರು. ಮಾವಿಸ್ ಚಹಾ ಕೊಟ್ಟು, ಅವರು ತಂದಿದ್ದ ಆ ಫೋಟೋವನ್ನು ಕೈಗೆತ್ತಿಕೊಂಡರು.

"ಅವತ್ತು ನೀನೇ ಹತ್ರ ಇದ್ದಿದ್ದು. ನನ್ನನ್ನ ಎತ್ತೋದು ಬಿಟ್ಟು ಕ್ಯಾಮೆರಾ ಎತ್ಕೊಂಡೆಯಲ್ಲೋ, ಸೆಡ್ರಿಕ್!"

ಸೆಡ್ರಿಕ್ ಅರ್ಧ ಚಹಾ ಬಿಟ್ಟು ಎದ್ದು ಬಂದರು. ಮನೆಗೆ ಬಂದವರೇ ಆ ಫೋಟೋವನ್ನೂ ಅದರ ನೆಗೆಟಿವ್ ಅನ್ನೂ ಕತ್ತರಿಯಿಂದ ಚೂರು ಮಾಡಿದರು.

"ಅದಿಲ್ದೆ ಯಾರು ಕೊಳ್ತಾರೆ ಸಾರ್? ಮುಖಪುಟಕ್ಕೇ ಅದು ಬೇಕು," ಎಂದು ಪ್ರಕಾಶಕ ಗೋಗರೆದ. ಸೆಡ್ರಿಕ್ ಜಗ್ಗಲಿಲ್ಲ. ಅಚ್ಚಾದ ಮೊದಲ ಪ್ರತಿಯನ್ನು ಕ್ಷಮೆಯ ಪತ್ರದೊಂದಿಗೆ ಮಾವಿಸ್‌ಗೆ ಕಳುಹಿಸಿದರು.

ನಾಲ್ಕನೆಯ ದಿನ ಫೋನು ಬಂತು.

"ಪುಸ್ತಕ ಚೆನ್ನಾಗಿದೆ. ಎರಡು ಸಲ ತಿರುವಿ ಹಾಕಿದೆ. ನಾನೆಲ್ಲೋ?"

"ನಿನಗೆ ನೋವಾಗತ್ತೆ ಅಂತ ಆ ಫೋಟೋ ಕೈಬಿಟ್ಟೆ, ಮಾವಿಸ್."

"ನೋವಾಗಿದ್ದು ನಿಜ. ಹಾಕ್ಬೇಡ ಅಂತ ನಾನಂದ್ನಾ? ನಾನೂ ಅಲ್ಲಿದ್ದೆ ಅಂತ ಹೇಳ್ಕೊಳ್ಳೋಕೆ ನನಗಿದ್ದಿದ್ದು ಅದೊಂದೇ ಕಣೋ. ಒಂದು ಮಾತು ಕೇಳ್ಬಾರ್ದಿತ್ತಾ?"

ಮುಂದಿನ ಮುದ್ರಣದಲ್ಲಿ, ಹಳೆಯ ಪೋಸ್ಟರಿನಿಂದಲಾದರೂ ತೆಗೆದು ಸೇರಿಸುತ್ತೇನೆ ಎಂದರು ಸೆಡ್ರಿಕ್. ಜನ ಹುಡುಕುವ ಚಿತ್ರವೇ ಇಲ್ಲದ ಆ ಪುಸ್ತಕಕ್ಕೆ ಮುಂದಿನ ಮುದ್ರಣ ಬರಲೇ ಇಲ್ಲ.

ಅನ್ಯರ ಬದುಕಿಗೆ ಸಾಕ್ಷಿಯಾಗಿಯೇ ಸವೆಯುವ ಇಂಥ ಜೀವಗಳಲ್ಲಿ ಕೇಡು ಲವಲೇಶವೂ ಇರುವುದಿಲ್ಲ. ಅವರ ಪಶ್ಚಾತ್ತಾಪವೂ ಪ್ರಾಮಾಣಿಕವೇ. ಆದರೆ ತಪ್ಪನ್ನು ತಾವೇ ಕಂಡುಕೊಂಡು, ಶಿಕ್ಷೆಯನ್ನೂ ತಾವೇ ವಿಧಿಸಿಕೊಂಡು, ಪರಿಹಾರವನ್ನೂ ತಾವೇ ತೀರ್ಮಾನಿಸಿಬಿಡುತ್ತಾರೆ. ನೊಂದವರಿಗೆ ಏನು ಬೇಕಿತ್ತೆಂಬ ಪ್ರಶ್ನೆ ಅವರ ನಾಲಗೆಗೆ ಬರುವಷ್ಟರಲ್ಲಿ ಎಲ್ಲವೂ ಅಚ್ಚಾಗಿ ಹೋಗಿರುತ್ತದೆ.