ಮೂವರೂ ಮುಗಿಸಗೊಡದ ಮೇಜು

ಬೆಳಿಗ್ಗೆ ನಡುಮನೆ ಗುಡಿಸುವಾಗ ಪೊರಕೆಗೆ ಸಿಕ್ಕುತ್ತಿದ್ದುದು ಮರದ ಸುರುಳಿಗಳು. ಈರುಳ್ಳಿ ಸಿಪ್ಪೆಯಷ್ಟು ತೆಳು. ಮುಷ್ಟಿಯಲ್ಲಿ ಹಿಡಿದರೆ ಪುಡಿ. ಆ ವರ್ಷ ಚೈತ್ರದಿಂದ ದೀಪಾವಳಿಯವರೆಗೆ ಅವು ಇಲ್ಲದ ಬೆಳಗೇ ಇರಲಿಲ್ಲ.

ನಮ್ಮವರು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರು. ಮರಗೆಲಸ ತಾವಾಗಿ ಕಲಿತದ್ದು. ಮಗಳು ಚಾರುಮತಿಗೆ ಇಪ್ಪತ್ತೆರಡು ತುಂಬುವ ಹೊತ್ತಿಗೆ ಕಾಲುಗಳು ಪೂರ್ತಿ ಸೋತು ಗಾಲಿಕುರ್ಚಿ ಬಂದಿತ್ತು. ಸ್ನಾಯುಗಳು ಒಂದೊಂದಾಗಿ ಸೊರಗುವ ಕಾಯಿಲೆ. ಕೈಗೂ ಬರುತ್ತದೆ, ಯಾವಾಗ ಎಂದು ಹೇಳಲಾಗದು ಎಂದಿದ್ದರು ಡಾಕ್ಟರು.

ಅವಳಿಗಿದ್ದ ಹುಚ್ಚೆಂದರೆ ಪೋಕರ್ ಎಂಬ ಇಸ್ಪೀಟಾಟ. ಒಂದು ಕಾಲಕ್ಕೆ ಹಡಗಿನಲ್ಲಿ ಅಡುಗೆಯವನಾಗಿದ್ದ ಪಕ್ಕದ ಮನೆಯ ಗಿರಿಯಪ್ಪ ಕಲಿಸಿದ ಆಟ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅವನು, ಅಪ್ಪ, ಮಗಳು ಮೂವರೂ ಹುಣಿಸೆಬೀಜ ಒಡ್ಡಿ ಆಡುತ್ತಿದ್ದರು.

"ಮೇಷ್ಟ್ರೇ, ನಿಮ್ಮ ಕೈಲಿರೋ ಎಲೆ ನಿಮ್ಮ ಮೂಗಿನ ಮೇಲೇ ಕಾಣ್ಸತ್ತೆ. ಮಗಳನ್ನ ನೋಡಿ ಕಲೀರಿ. ಮುಖ ಅಂದ್ರೆ ಸುಣ್ಣ ಹೊಡೆದ ಗೋಡೆ!" ಎಂದು ಗಿರಿಯಪ್ಪ ರೇಗಿಸುವನು.

"ಮಾತು ಸಾಕು ಮಾಮ, ಬೀಜ ಈಚೆ ತಳ್ಳು," ಎನ್ನುವಳು ಚಾರು.

ಗಾಲಿಕುರ್ಚಿಯ ಕೈಗಳು ಊಟದ ಮೇಜಿನ ಕೆಳಗೆ ಹೋಗುತ್ತಿರಲಿಲ್ಲ. ಅವಳು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ದೂರವೇ ಕೂರಬೇಕಿತ್ತು. ಹಾಗಾಗಿ ಅವಳ ಅಳತೆಗೇ ಒಂದು ಮೇಜು ಮಾಡುವೆನೆಂದು ಇವರು ಹೊರಟರು. ಎಂಟು ಮೂಲೆ, ಒಂದು ಕಡೆ ಕುರ್ಚಿ ಒಳಗೆ ಬರುವಂತೆ ಅರ್ಧಚಂದ್ರದ ಕೊರೆತ, ಅದರ ಮುಂದೆ, ಎಲೆಗಳನ್ನು ಕೈಯಲ್ಲಿ ಹಿಡಿಯದೆ ಸಾಲಾಗಿ ನಿಲ್ಲಿಸಲು ಒಂದು ಸಣ್ಣ ಗೀರು, ಮೇಲೆ ಹಸಿರು ಮಖಮಲ್ಲು.

ಆಷಾಢಕ್ಕೆ ಮೇಜು ಎದ್ದು ನಿಂತಿತು. "ಇನ್ನು ಆ ಹಲಗೆ ಬೇಡಪ್ಪ. ಆಡಿದ್ರೆ ಹೊಸ ಮೇಜಿನ ಮೇಲೇ," ಎಂದು ಚಾರು ಭಾನುವಾರದ ಆಟ ನಿಲ್ಲಿಸಿದಳು. ಆದರೆ ಅವಳಿಗೆ ಮೇಜು ಒಪ್ಪಿಗೆಯಾಗಲಿಲ್ಲ. ಗೀರು ಅಗಲವಾಯಿತು, ಎಲೆ ವಾಲುತ್ತದೆ ಎಂದಳು. ಇವರು ಪಟ್ಟಿ ಅಂಟಿಸಿ ಮತ್ತೆ ಕೊರೆದರು. ಕೊರೆತ ಮೊಣಕೈಗೆ ಒತ್ತುತ್ತದೆ ಎಂದಳು. ಮತ್ತೆ ಉಜ್ಜಿದರು. ಇವರೂ ಕಡಿಮೆಯಿಲ್ಲ, ಕನ್ನಡಿಯಂತೆ ಹೊಳೆಯುತ್ತಿದ್ದ ಪಾಲಿಶನ್ನು ಒಂದು ದಿನ ಪೂರಾ ಕೆರೆದು ಹಾಕಿದರು. "ಯಾಕ್ರೀ, ಚೆನ್ನಾಗೇ ಇತ್ತಲ್ಲ?" ಎಂದರೆ, "ನಿಂಗೆ ಗೊತ್ತಾಗಲ್ಲ ಸುಮ್ನಿರೇ," ಎಂದರು.

ಶ್ರಾವಣದ ಒಂದು ಬೆಳಿಗ್ಗೆ ಗುಡಿಸುತ್ತಿದ್ದಾಗ, ಉದ್ದನೆಯ ಸುರುಳಿಯೊಂದನ್ನು ಎತ್ತಿ ಚಾರುವಿನ ಎಡ ಅಂಗೈಯಲ್ಲಿಟ್ಟೆ. ಚಿಕ್ಕವಳಿದ್ದಾಗ ಇಂಥವನ್ನು ಮುಷ್ಟಿಯಲ್ಲಿ ಹಿಸುಕಿ ಪುಡಿ ಮಾಡುವುದೆಂದರೆ ಅವಳಿಗೆ ಆಸೆ. ಅವಳು ಅದನ್ನೇ ನೋಡಿದಳು. ಬೆರಳುಗಳು ಮಡಿಚಿಕೊಳ್ಳಲಿಲ್ಲ.

ನಾನು ಪೊರಕೆ ಹಿಡಿದು ನಿಂತೇ ಇದ್ದೆ.

"ಬಲಗೈ ಇನ್ನೂ ಇದೆಯಮ್ಮ," ಎಂದಳು ಮೆಲ್ಲಗೆ. "ಅಳಬೇಡ, ಅಪ್ಪ ಹಿತ್ತಲಲ್ಲಿದಾನೆ."

"ಮತ್ತೆ ಮೇಜಿಗೆ ಯಾಕೆ ದಿನಾ ಒಂದೊಂದು ಕೊಂಕು ತೆಗೀತೀಯ? ಬಲಗೈ ಇರೋವಾಗ್ಲೇ ಆಡ್ಬಾರ್ದೇನೇ?"

"ಮೇಜು ಮುಗಿದ ದಿನ ಅಪ್ಪನ ಎದುರಿಗೆ ಕೂರಬೇಕಲ್ಲಮ್ಮ. ಅಲ್ಲಿ ಎಲೆ ನನ್ನ ಕೈಯಿಂದ ಬಿದ್ದುಹೋದ್ರೆ? ಅವನ ಮುಖ ನೋಡೋಕೆ ನನ್ನಿಂದ ಆಗಲ್ಲ. ಮೇಜು ಮಾಡ್ತಿರೋವಾಗ ಹೆಂಗೆ ಗುನುಗ್ತಾನೆ ಕೇಳಿದೀಯ? ಗುನುಗ್ಲಿ ಬಿಡು. ನೀನು ಹೇಳ್ಬೇಡ."

ನಾನು ಹೇಳಲಿಲ್ಲ. ಹೇಳದೆ ಇದ್ದುದಷ್ಟೇ ಅಲ್ಲ. ಇವರು ಮೇಜಿಗೆ ತಂದ ಬಟ್ಟೆ ಬಿಡಿಸಿ ತೋರಿಸಿದಾಗ, "ಬಣ್ಣ ಗಾಢವಾಯ್ತು, ಬದಲಾಯಿಸಿ," ಎಂದೆ. ಬಟ್ಟೆಗೆ ಏನೂ ಆಗಿರಲಿಲ್ಲ. ಇವರು ಆಗಲೇ ಮಡಿಚಿಕೊಂಡು ಅಂಗಡಿಗೆ ಹೋದರು. ಅಷ್ಟು ಬೇಗ ಒಪ್ಪಿದ್ದು ನನಗೆ ವಿಚಿತ್ರವೆನಿಸಿತು, ಆದರೆ ಒಲೆಯ ಮೇಲೆ ಹಾಲಿತ್ತು.

ಬರಬರುತ್ತ ಬಲಗೈಯೂ ಸೋಲತೊಡಗಿದಾಗ ಅವಳಿಗೆ ನಾನೇ ತುತ್ತು ಕೊಡತೊಡಗಿದೆ. "ಅಮ್ಮನ ಮುದ್ದು ಜಾಸ್ತಿಯಾಗಿದೆ," ಎಂದು ಅಪ್ಪನಿಗೆ ಕೇಳುವಂತೆ ನಗುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಬಲಗೈಯೂ ಹೋಯಿತು. ಆಮೇಲೆ ಕಾಯಿಲೆ ಎದೆಗೆ ಇಳಿಯಿತು. ಸುರುಳಿಗಳು ನಿಂತವು. ಮಾಘದಲ್ಲಿ ಅವಳೂ ಹೋದಳು.

ತಿಂಗಳು ಕಳೆದ ಮೇಲೆ ಇವರು ಒಂದು ಮಧ್ಯಾಹ್ನ ಕೂತು ಮೇಜಿಗೆ ಬಟ್ಟೆ ಹಾಸಿದರು. ಅಂಚಿಗೆ ಒಂದೊಂದೇ ಸಣ್ಣ ಮೊಳೆ ಹೊಡೆದು ಮುಗಿಸಿ, ಸುತ್ತಿಗೆ ಕೆಳಗಿಟ್ಟು, ಬಾಗಿಲಲ್ಲಿದ್ದ ನನ್ನತ್ತ ತಿರುಗದೆಯೇ ಹೇಳಿದರು:

"ಆ ಗೀರು ಮೊದಲನೇ ಸಲಾನೇ ಸರಿಯಾಗಿತ್ತು ಕಣೇ."

"ಅಂದ್ರೆ?"

"ಆಷಾಢದಲ್ಲೇ ನೋಡಿದ್ದೆ. ಅವಳ ಎಡಗೈಯಿಂದ ಬಾಚಣಿಗೆ ಜಾರಿ ಬಿತ್ತು. ನನ್ನನ್ನ ನೋಡಿ, ಬೇಕಂತ ಬೀಳಿಸಿದ ಹಾಗೆ ನಕ್ಕಳು. ಮೇಜು ಮುಗಿದ್ರೆ, ತನ್ನ ಕೈಲಿ ಆಡೋಕಾಗಲ್ಲ ಅಂತ ಮಗೂಗೆ ಗೊತ್ತಾಗ್ಬಿಡತ್ತಲ್ಲ ಅಂತ ಹೆದರಿದೆ. ಪಾಲಿಶ್ ಕೆರೆದೆ. ಅವಳು ತಪ್ಪು ಹುಡುಕಿದಾಗೆಲ್ಲ ಬದುಕಿದೆ ಅಂದ್ಕೊಂಡೆ." ಇವರು ಉಳಿದ ಮೊಳೆಗಳನ್ನು ಡಬ್ಬಿಗೆ ಹಾಕಿದರು. "ಕೊನೇ ಆಟ ನಾನೇ ತಪ್ಪಿಸಿದೆ."

ಸುಮ್ಮನಿರಬಹುದಿತ್ತು. ಅವಳಿಗೆ ಮಾತು ಕೊಟ್ಟಿದ್ದೆ. ಆದರೆ ಇವರೊಬ್ಬರೇ ಅದನ್ನು ಹೊತ್ತುಕೊಂಡು ಬಾಳುವುದನ್ನು ನೋಡಲಾರದೆ ಎಲ್ಲವನ್ನೂ ಹೇಳಿದೆ: ಅವಳ ಕೊಂಕುಗಳನ್ನು, ನನ್ನ ಬಟ್ಟೆಯ ಸುಳ್ಳನ್ನು.

ಇವರು ಈಗ ನನ್ನತ್ತ ತಿರುಗಿದರು. "ಯಾವಾಗ ಹೇಳಿದ್ಲು ನಿಂಗೆ?" ಎಂದರು.

"ಶ್ರಾವಣದಲ್ಲಿ."

"ಶ್ರಾವಣದಲ್ಲಿ ಬಲಗೈ ಚೆನ್ನಾಗಿತ್ತು," ಎಂದರು. "ಮೇಜೂ ಇತ್ತು."

ನಾನು ಹತ್ತಿರ ಹೋಗಿ ಅಂಗೈಯನ್ನು ಮಖಮಲ್ಲಿನ ಮೇಲೆ ಊರಿದೆ. ಎತ್ತಿದಾಗ ಐದು ಬೆರಳ ಅಚ್ಚು ಅಲ್ಲಿ ಕಪ್ಪಗೆ ನಿಂತಿತ್ತು. ಹೊಸ ಬಟ್ಟೆಯ ನವಿರೆಲ್ಲ ಒಂದೇ ಕಡೆ ಬಾಗಿತ್ತು, ಬೇರೆಲ್ಲೂ ಯಾರ ಕೈಯ ಗುರುತೂ ಇರಲಿಲ್ಲ. ಇವರು ಅದನ್ನು ಸವರಿ ಅಳಿಸಲು ಕೈ ಚಾಚಿದವರು, ಹಾಗೆಯೇ ತಡೆದು, ತಮ್ಮ ಅಂಗೈಯನ್ನು ಅದರ ಪಕ್ಕದಲ್ಲಿ ಒತ್ತಿದರು.