ಕಲ್ಲವ್ವನ ಸೊಂಟದ ಎಲುಬಿನಲ್ಲಿ ನಾನು

ನಾನು ಒಂದು ಬಿಳಿ ರಕ್ತಕಣ. ಇಳಕಲ್ಲಿನ ನೇಕಾರರ ಮಗಳು ಕಲ್ಲವ್ವನ ಎಲುಬಿನ ಮಜ್ಜೆಯಲ್ಲಿ ಹುಟ್ಟಿದೆ. ಹುಟ್ಟುವಾಗಲೇ ನನ್ನ ಕೈಗಳಿಗೆ ಒಂದು ಆಕಾರ ಬಂದಿತ್ತು. ಆ ಕೈಗೆ ಸಿಗಬೇಕಾದ ವೈರಿ ಯಾರೆಂದು ಯಾರೂ ಹೇಳಲಿಲ್ಲ. ಜೊತೆಗೆ ಹುಟ್ಟಿದ ಕೆಲವರು ಕಲ್ಲವ್ವನ ಮೈಯನ್ನೇ ಹಿಡಿಯಹೋದರು. ಅವರನ್ನು ಅಲ್ಲೇ ಮುಗಿಸಿದರು. ಮನೆಯವರನ್ನೇ ಕಚ್ಚುವ ನಾಯಿಯನ್ನು ಯಾರು ಸಾಕುತ್ತಾರೆ?

ಕಲ್ಲವ್ವ ಲಂಗ ಉಡುವ ವಯಸ್ಸಿನಲ್ಲಿ ಅವಳಿಗೆ ದಡಾರ ಬಂತು. ಮನೆಯವರು ಅಮ್ಮ ಬಂದಳೆಂದರು. ನಮ್ಮಂಥ ಕಣಗಳು ಕಾದು ಕೂರುವ ಕುತ್ತಿಗೆಯ ಗಂಟಿನಲ್ಲಿ ಆ ವೈರಾಣು ನನ್ನ ಕೈಗೆ ಸಿಕ್ಕಿತು, ಸರಿಯಾಗಿ ಕೂತಿತು. ಒಬ್ಬನಿದ್ದ ನಾನು ಸಾವಿರವಾದೆ. ನಮ್ಮ ಕೈಗಳನ್ನೇ ಕಳಚಿ ಕಳಚಿ ರಕ್ತಕ್ಕೆ ಬಿಟ್ಟೆವು. ಅವು ವೈರಾಣುವಿಗೆ ಅಂಟಿಕೊಂಡವು, ಅಂಟಿದ್ದನ್ನು ದೊಡ್ಡ ಕಣಗಳು ನುಂಗಿದವು. ಹುಡುಗಿ ಬದುಕಿದಳು. ಜೊತೆಗಾರರು ಬಹಳ ಮಂದಿ ಸತ್ತರು. ನನ್ನನ್ನು ಸೊಂಟದ ಎಲುಬಿಗೆ ಕಳಿಸಿದರು. ಅಂದಿನಿಂದ ಇದೇ ಸೆರೆ, ಇದೇ ಕತ್ತಲು. ದಡಾರ ಮತ್ತೆ ಬಂದೀತೆಂದು ಅದೇ ಆಕಾರದ ಕೈಗಳನ್ನು ಮಾಡಿ ಬಿಡುತ್ತಲೇ ಇರಬೇಕು. ಬೇಸರವಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಹೊರಗಿನ ಮಾತು ಮಾತ್ರ ಎಲುಬಿನಗುಂಟ ಇಳಿದು ಬರುತ್ತದೆ.

ಕಲ್ಲವ್ವ ಮದುವೆಯಾಗಿ ಗುಳೇದಗುಡ್ಡಕ್ಕೆ ಹೋದಳು. ನಾನೂ ಹೋದೆ, ನನ್ನನ್ನು ಕೇಳಿದವರಾರು?

ಅವಳು ತುಂಬಿದ ಬಸುರಿಯಾಗಿದ್ದಾಗ ಮೈದುನನ ಮಗಳಿಗೆ ಮೈತುಂಬ ನೀರುಗುಳ್ಳೆ ಎದ್ದವು. ಅಮ್ಮ ಬಂದಳೆಂದು ಮಗ್ಗ ನಿಲ್ಲಿಸಿದರು, ಬಾಗಿಲಿಗೆ ಬೇವು ಸಿಕ್ಕಿಸಿದರು, ಒಗ್ಗರಣೆ ಬಿಟ್ಟರು. ಒಮ್ಮೆ ಅಮ್ಮ ಬಂದು ಹೋದವರೇ ಮಗುವಿನ ಹತ್ತಿರ ಕೂರಬೇಕೆಂಬುದು ಆ ಮನೆಯ ಪದ್ಧತಿ.

"ಸಣ್ಣಾಕಿದ್ದಾಗ ನಿನಗ ಬಂದು ಹೋಗ್ಯಾಳಲ್ಲ ಕಲ್ಲವ್ವಾ, ಮತ್ತ ಬರಂಗಿಲ್ಲ. ನೀನ ಕುಂದ್ರು" ಎಂದಳು ಅತ್ತೆ ಈರವ್ವ.

"ಆತ್ರಿ ಅತ್ತಿ. ಕೂಸು ಒಂದ ಹೆಂಗಿದ್ದೀತು" ಎಂದಳು ಕಲ್ಲವ್ವ.

ನಾನೂ ಬೀಗಿದೆ. ಇಷ್ಟು ವರ್ಷ ಕಾದದ್ದು ಇದಕ್ಕೇ ಅಂದುಕೊಂಡೆ. ಮಗುವಿನ ಉಸಿರಿನಿಂದ ವೈರಾಣು ಬಂತು. ನನ್ನ ಕೈಗಳು ಅದನ್ನು ಮುಟ್ಟಿ ಜಾರಿದವು. ಮತ್ತೆ ಮುಟ್ಟಿದವು, ಮತ್ತೆ ಜಾರಿದವು. ಇದು ದಡಾರವೇ ಅಲ್ಲ. ಯಾರೋ ಬೇರೆ.

ಕಲ್ಲವ್ವನ ಮೈ ಕೆಂಡವಾಯಿತು, ಗುಳ್ಳೆ ಎದ್ದವು, ಉಸಿರು ಕಟ್ಟತೊಡಗಿತು. ಎಲುಬು ಒಡೆದು ಹೊರಬಿದ್ದು ಹೇಳಬೇಕೆನಿಸಿತು. ಯಾರಿಗೆ ಹೇಳಲಿ? ಬೇರೇನೂ ಬಾರದ ನಾನು ಅದೇ ಕೆಲಸಕ್ಕೆ ಬಾರದ ಕೈಗಳನ್ನು ಮಾಡುತ್ತ ಕೂತೆ. ಅಮ್ಮ ಬಂದವರು ದವಾಖಾನೆಯ ಮೆಟ್ಟಿಲು ಹತ್ತಬಾರದೆಂದು ಅತ್ತೆ ಅಡ್ಡ ನಿಂತಳು.

"ಸಿಟ್ಟಾಗೂದಿದ್ರ ಅಮ್ಮ ನನ್ ಮ್ಯಾಲ ಆಗ್ಲಿ. ದಾರಿ ಬಿಡವ್ವ" ಎಂದು ಗಂಡ ಬಸಲಿಂಗಪ್ಪ ಕಲ್ಲವ್ವನನ್ನು ಆಟೋಕ್ಕೆ ಹತ್ತಿಸಿದ.

"ಅವಾಗ ಬಂದಿದ್ದು ದಡಾರ. ಇದು ಚಿಕನ್ ಪಾಕ್ಸ್. ಅದು ಬಂದ್ರ ಇದು ಬರಂಗಿಲ್ಲ ಅಂತ ಯಾರ್ ಹೇಳಿದ್ರು ನಿಮಗ? ಬಸುರಿ ಹೆಣಮಗಳನ್ನ ಕುಂದರಿಸೀರಲ್ಲ" ಎಂದು ಡಾಕ್ಟರಮ್ಮ ಬೈಯುತ್ತಲೇ ಔಷಧಿ ಏರಿಸಿದರು.

ಅಷ್ಟರಲ್ಲಿ ಕುತ್ತಿಗೆಯ ಗಂಟಿನಲ್ಲಿ ಆ ಹೊಸ ವೈರಿಗೆ ಒಗ್ಗುವ ಕೈಯಿದ್ದ ಒಬ್ಬ ಎಳೆಯ ಕಣ ಸಿಕ್ಕಿದ. ಅವನೂ ಸಾವಿರವಾದ. ಔಷಧಿ ಅರ್ಧ, ಅವನು ಅರ್ಧ, ಕಲ್ಲವ್ವ ಉಳಿದಳು. ಈಗ ಅವನು ನನ್ನ ಪಕ್ಕದಲ್ಲೇ ಸೆರೆ. ಹೆಣ್ಣುಮಗು ಹುಟ್ಟಿತು. ನನ್ನ ಕೈಗಳು ಕರುಳಬಳ್ಳಿ ದಾಟಿ ಆ ಮಗುವಿನ ರಕ್ತಕ್ಕೂ ಹೋಗಿದ್ದವು. ನನಗೆ ಮಾತ್ರ ಹೋಗಲಾಗಲಿಲ್ಲ.

ಮಗು ಅಂಬೆಗಾಲಿಡುವಾಗ ಕಲ್ಲವ್ವ ಅದನ್ನು ಎತ್ತಿಕೊಂಡು ದಡಾರದ ಸೂಜಿಗೆ ಹೊರಟಳು.

"ಹಾಲುಗೂಸಿಗೆ ಯಾಕವ್ವ ಸೂಜಿ? ನೀ ಹಡದಾಕಿ, ನಿನಗ ಬಂದು ಹೋಗೇತಲ್ಲ" ಎಂದಳು ಅತ್ತೆ.

"ನನ್ನ ಮೈಯಾಗಿಂದು ಇಕಿಗೆ ಎಷ್ಟ ದಿನ ಸಾಲ್ತೈತ್ರಿ ಅತ್ತಿ? ಇಕೀದು ಇಕಿಗೆ ಬೇಕ್ರಿ."

ನಿಜ. ನಾನು ಕಳಿಸಿದ್ದೆಲ್ಲ ಅಷ್ಟರಲ್ಲಿ ಸವೆದುಹೋಗುತ್ತ ಬಂದಿತ್ತು. ಮಗು ಕಿರುಚಿದ್ದು ಎಲುಬಿನವರೆಗೂ ಕೇಳಿಸಿತು.

ಈಗ ಕಲ್ಲವ್ವನ ಕೂದಲು ಬೆಳ್ಳಗಾಗಿದೆ. ನಾನೂ ಮುದುಕ. ಆ ಮಗಳ ಎಲುಬಿನಲ್ಲಿ ಆ ಸೂಜಿ ಎಬ್ಬಿಸಿದ ನನ್ನಂಥವನೊಬ್ಬ ಕತ್ತಲಲ್ಲಿ ಕೂತು ಒಂದೇ ಕೆಲಸ ಮಾಡುತ್ತಿರುತ್ತಾನೆ. ಅವನ ಬೇಸರ ನನಗೆ ಗೊತ್ತು. ಆದರೂ ಹೇಳುತ್ತೇನೆ: ಹೊರಗೆ ಬರಬೇಡವೋ ತಮ್ಮಾ, ಅಲ್ಲೇ ಇರು.