ಎಂಟು ವರ್ಷ ತೂಗಿದ ಮುಖ

"ಯಾರಮ್ಮ ಇದನ್ನ ಇಲ್ಲಿ ನೇತಾಕಿದ್ದು?"

ದೇವರಾಜು ಚಪ್ಪಲಿ ಬಿಡದೆ ನುಗ್ಗಿದ್ದ. ಬೆನ್ನ ಹಿಂದೆ ಅವನ ಕೊಬ್ಬರಿ ಮಂಡಿಯ ನಾಲ್ವರು ಹಮಾಲಿಗಳು. ನೀಲಾಂಬಿಕೆ ಕುರ್ಚಿಯಿಂದ ಏಳಲಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಮಕ್ಕಳ ಕೈಲಿ ಚಿತ್ರ ಬರೆಸಿ ನಿವೃತ್ತಿಯಾದವಳು. ಕೂಗಾಡುವವರ ಮುಂದೆ ಎದ್ದು ನಿಂತರೆ ಕೂಗು ಇನ್ನೂ ಏರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

"ನಾನೇ. ಚೀಟಿ ಓದಿದಿರಲ್ಲ."

"ಓದ್ದೆ. ಓದೇ ಬಂದಿದ್ದು!"

ಚನ್ನರಾಯಪಟ್ಟಣದ ಈ ಗೋದಾಮು ದೇವರಾಜುವಿನದು, ಅವನ ಮಂಡಿಯ ಎದುರಿಗೇ ಇತ್ತು. ಎರಡು ವರ್ಷದ ಹಿಂದೆ ನೀಲಾಂಬಿಕೆ ಅದನ್ನು ಬಾಡಿಗೆಗೆ ಹಿಡಿದು, ಸುಣ್ಣ ಹೊಡೆಸಿ, ಗ್ಯಾಲರಿ ಮಾಡಿಕೊಂಡಳು. ಅರಕಲಗೂಡು, ಹೊಳೆನರಸೀಪುರ ಕಡೆಯಿಂದ ಚಿತ್ರ ಸುತ್ತಿಕೊಂಡು ಬಸ್ಸು ಹತ್ತಿ ಬರುವವರಿಗೆ ಇದೊಂದೇ ಗೋಡೆ. ಕಾಗದಪತ್ರ ಏನೂ ಇರಲಿಲ್ಲ, ಬರೀ ಬಾಯಿಮಾತು. ಮೊಬೈಲ್ ಅಂಗಡಿಯವರು ಜಾಗ ಕೇಳಿದ ಮೇಲೆ ಆ ಬಾಯಿಮಾತು ಹಳಸಿತು. ಅವಳನ್ನು ಎಬ್ಬಿಸಲು ದೇವರಾಜು ನೆಪ ಹುಡುಕುತ್ತಿದ್ದ. ನೆಪವನ್ನು ಅವಳೇ ಗೋಡೆಗೆ ನೇತುಹಾಕಿ ಕೊಟ್ಟಂತಾಗಿತ್ತು.

ಈ ಸಲದ ಪ್ರದರ್ಶನ ದೃಷ್ಟಿಗೊಂಬೆಗಳದು. ಬಾಗೂರಿನ ಹೊನ್ನಕ್ಕ ಬಸ್ ಸ್ಟ್ಯಾಂಡಿನ ಹತ್ತಿರ ಕೂತು ತಗಡಿನ ಮೇಲೆ ಕೆಂಗಣ್ಣಿನ, ನಾಲಿಗೆ ಚಾಚಿದ ರಾಕ್ಷಸನ ಮುಖ ಬರೆದು ಮಾರುತ್ತಾಳೆ. ಮನೆ ಕಟ್ಟಿದವರು ಕೊಂಡು ಮುಂಬಾಗಿಲಿಗೆ ಕಟ್ಟುತ್ತಾರೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅವಳ ಮುಂದೆಯೇ ಬಿಸಾಕಿ, ತಿರುಗಿ ನೋಡದೆ ಹೋಗುತ್ತಾರೆ. ಊರಿನ ಕೆಟ್ಟ ಕಣ್ಣನ್ನೆಲ್ಲ ಕುಡಿದ ಮುಖ ಮತ್ತೆ ಆ ಮನೆಯವರ ಜಾಗಕ್ಕೆ ಕಾಲಿಡಬಾರದು.

ನೀಲಾಂಬಿಕೆಗೆ ಹಿಡಿಸಿದ್ದು ಆ ಹಳೆಯವೇ. ಬಿಸಿಲಿಗೆ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿ, ಮಳೆಗೆ ಮೀಸೆ ಕರಗಿ, ಒಂದೊಂದಕ್ಕೂ ಒಂದೊಂದು ವಯಸ್ಸು ಬಂದಿತ್ತು. ಇಪ್ಪತ್ತೆರಡು ಆರಿಸಿದಳು. ಯಾರ ಮನೆಯದು, ಎಷ್ಟು ವರ್ಷದ್ದು ಎಂದು ಹೊನ್ನಕ್ಕನನ್ನು ಕೇಳಿ, ದುಂಡಗೆ ಚೀಟಿ ಬರೆದು ಅಂಟಿಸಿದಳು. ಎಡವಿದ್ದು ಅಲ್ಲೇ. 'ಬಾಗೂರು ರಸ್ತೆ, ದೇವರಾಜು ಅವರ ಮನೆ, ಎಂಟು ವರ್ಷ' ಎಂದು ಬರೆಯುವಾಗ, ತಾನು ಮೊಳೆ ಹೊಡೆದ ಗೋಡೆ ಯಾರದು ಎಂಬುದು ಅವಳ ತಲೆಗೆ ಬರಲೇ ಇಲ್ಲ.

"ಎಂಟು ವರ್ಸ ಊರೋರ ಒಟ್ಟೆಕಿಚ್ಚೆಲ್ಲ ಕುಡ್ದಿರೋದು! ತಂದು ನನ್ ಗೋಡೆಗೇ ಒಡ್ದಿದ್ದೀಯಲ್ಲಮ್ಮ!" ದೇವರಾಜು 'ನೀವು' ಬಿಟ್ಟು 'ನೀನು'ಗೆ ಇಳಿದಿದ್ದ. "ಸಂಜೆ ಒಳಗೆ ಖಾಲಿ ಮಾಡು. ಲೇ, ಕಿತ್ತು ಈಚೆಗೆಸೀರ್ಲಾ ಎಲ್ಲಾನೂ!"

ಹಮಾಲಿಗಳು ಕದಲಲಿಲ್ಲ. ಹಿರಿಯವನು ತಲೆಯ ವಸ್ತ್ರ ಬಿಚ್ಚಿ ಕೈಗೆ ಸುತ್ತಿಕೊಂಡ. "ಸಾ, ನೂರು ಮೂಟೆ ಒರು ಅನ್ನಿ, ಒರ್ತೀವಿ. ಇದನ್ನ ಮುಟ್ಟಾಕಿಲ್ಲ."

"ಯಾಕ್ಲಾ?"

"ನಿಮ್ ಮನೇದು ಸಾ. ನಮ್ಗ್ಯಾಕೆ?"

ಬಾಗಿಲ ಬಳಿ ನಿಂತಿದ್ದ ಯಾರೋ ಕಿಸಕ್ಕೆಂದರು. ಮೂಲೆಯಲ್ಲಿ ಎಲೆಅಡಿಕೆ ಜಗಿಯುತ್ತಿದ್ದ ಹೊನ್ನಕ್ಕ ಮಾತ್ರ ನಗಲಿಲ್ಲ.

"ನೀನ್ ಕೀಳು," ಎಂದ ದೇವರಾಜು ಅವಳತ್ತ ತಿರುಗಿ.

"ನಾನು ಬರ್ಯೋಳು ಕಣಪ್ಪ. ಕಟ್ದೋರೇ ಬಿಚ್ಬೇಕು. ಮೊಳೆ ಒಡ್ದೋರು ಮೇಡಮ್ಮ."

ದೇವರಾಜು ನೀಲಾಂಬಿಕೆಯ ಕಡೆ ನೋಡಿದ. ಅವಳಿಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. ಎದ್ದು ಎರಡು ಹೆಜ್ಜೆ ಇಟ್ಟು ತೆಗೆದರೆ ಮುಗಿಯಿತು. 'ಬರೀ ತಗಡು, ಬಣ್ಣ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ಸಂಜೆಗೆ ನಾನು ಹೋಗ್ತೀನಿ. ಇವು ಇಲ್ಲೇ ಇರ್ತವೆ," ಎಂದಳು. "ಮೊಬೈಲ್ ಅಂಗಡಿಯವರು ಬಂದು ತೆಗೆಸಿಕೊಳ್ಳಲಿ."

"ಎದರಿಸ್ತಿದ್ದೀಯಾ?"

"ನಾನ್ಯಾಕೆ ಹೆದರಿಸಲಿ? ಹೆದರಿದ್ದು ನೀವು."

ಅವನ ಕತ್ತಿನ ನರ ಉಬ್ಬಿತು. ಕೈ ಎತ್ತುತ್ತಾನೇನೋ ಎಂದು ಹಮಾಲಿಗಳು ಹತ್ತಿರ ಸರಿದರು. ಅವನು ಗೋಡೆಯತ್ತ ಹೋಗಿ ಕೈ ಚಾಚಿದ. ಬಣ್ಣ ಹಾರಿದ ಕಣ್ಣುಗಳ ಮುಂದೆ ಒಂದು ಗೇಣು ದೂರದಲ್ಲಿ ಬೆರಳುಗಳು ನಿಂತವು. ಆಮೇಲೆ ಮೊದಲ ಸಲ ದನಿ ತಗ್ಗಿಸಿ ಮಾತಾಡಿದ.

"ಮಗಳು ಸ್ಪಂದನಾ ಎರಿಗೆಗೆ ಬಂದವ್ಳೆ ಮೇಡಂ. ದಿನ ತುಂಬೈತೆ. ಇಳಿಸ್ಬುಡಿ."

ನೀಲಾಂಬಿಕೆ ಗೋಡೆಯ ಮೇಲಿನ ತಗಡಿನತ್ತ ನೋಡಿದಳು. ಬೇರೆ ದಿನವಾಗಿದ್ದರೆ ಎದ್ದು ಇಳಿಸಿಬಿಡುತ್ತಿದ್ದಳು. ಆದರೆ ಇಂದು ಇಳಿಸಿದರೆ ನಾಳೆ ಬೀಗ ಬೀಳುತ್ತದೆ. ಮನುಷ್ಯ ಹೆದರಿಕೆಯಲ್ಲಿ ಮೆತ್ತಗಾಗುವುದನ್ನೂ ಹೆದರಿಕೆ ಹೋದ ಮೇಲೆ ಮರೆಯುವುದನ್ನೂ ಅವಳು ಬೇಕಾದಷ್ಟು ಕಂಡಿದ್ದಳು.

"ಈಗಲೇ ಇಳಿಸ್ತೀನಿ. ಐದು ವರ್ಷಕ್ಕೆ ಅಗ್ರಿಮೆಂಟು ಮಾಡಿಸಿ ತನ್ನಿ."

"ಬಸುರಿ ಎಂಗಸು ಅಂದ್ರೂ ಯಾಪಾರವಾ? ಥೂ!"

"ಸಂಜೆಯೊಳಗೆ ಖಾಲಿ ಮಾಡು ಅಂದಿರಲ್ಲ, ಅದೇನು?"

ಅವನು ಬೈಯುತ್ತಲೇ ಹೊರಗೆ ಹೋದ. ಊಟದ ಹೊತ್ತಿಗೆ ಛಾಪಾ ಕಾಗದ ಹಿಡಿದು ಬಂದು ಮೇಜಿನ ಮೇಲೆ ಬಡಿದ. ನೀಲಾಂಬಿಕೆ ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಓದಿದಳು. ಅವನ ಸಹಿ ಬಿತ್ತು, ಅವಳದೂ ಬಿತ್ತು. ಹಿರಿಯ ಹಮಾಲಿ ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದ. ಆಮೇಲೆ ನೀಲಾಂಬಿಕೆ ಎದ್ದು ತಗಡನ್ನು ಬರಿಗೈಯಲ್ಲಿ ಇಳಿಸಿ, ಹಳೆಯ ಪೇಪರಿನಲ್ಲಿ ಸುತ್ತಿ, ಮಂಡಿಯ ನಡುವೆಯೇ ಹಾದು ಹೊರಟಳು. ಮೂಟೆ ಹೊತ್ತವರು ಹೊತ್ತಂತೆಯೇ ಪಕ್ಕಕ್ಕೆ ಸರಿದರು. ಊರಾಚೆ ಮೂರು ದಾರಿ ಕೂಡುವಲ್ಲಿ ಅದನ್ನಿಟ್ಟು ವಾಪಸು ಬಂದಾಗ ದೇವರಾಜು ಗ್ಯಾಲರಿಯ ಹೊಸ್ತಿಲಲ್ಲೇ ನಿಂತಿದ್ದ.

"ಆ ಚೀಟಿ ಯಾಕೆ ಬಿಟ್ಟಿದ್ದೀಯ? ಅದನ್ನೂ ಕೀಳು."

"ಅದು ಬರೀ ಕಾಗದ. ನೀವೇ ಕೀಳಿ."

ಅವನು ಒಳಗೆ ಬಂದು ಚೀಟಿಯ ಮುಂದೆ ನಿಂತ. ಕೈಯನ್ನು ಜೇಬಿನಿಂದ ತೆಗೆದು, ಮತ್ತೆ ಜೇಬಿಗೇ ಇಳಿಸಿದ. "ನಿನ್ ಗ್ಯಾಲರಿ ಆಳಾಗೋಗ!" ಎಂದು ಹೊರಟುಹೋದ.

ತಿಂಗಳು ಮುಗಿಯುವವರೆಗೂ ಮಂಡಿಗೆ ಬಂದವರೆಲ್ಲ ಒಂದು ಸಲ ಒಳಗೆ ಬಂದು ಹೋದರು. ಗೋಡೆಯ ಮೇಲೆ ಇಪ್ಪತ್ತೊಂದು ಮುಖಗಳಿದ್ದವು. ಜನ ಅವುಗಳನ್ನು ದಾಟಿ ನೇರವಾಗಿ ಆ ಚೀಟಿಯ ಹತ್ತಿರ ಹೋಗಿ, ಬರಿ ಮೊಳೆಯನ್ನು ನೋಡುತ್ತ ನಿಲ್ಲುತ್ತಿದ್ದರು. ಎದುರಿನ ಮಂಡಿಯಲ್ಲಿ ದೇವರಾಜು ಕುರ್ಚಿಯನ್ನು ಇತ್ತ ಬೆನ್ನಾಗಿ ತಿರುಗಿಸಿಕೊಂಡು ಕೂರುತ್ತಿದ್ದ.